ಎರಡನೆಯ ಹೀಟಿನ ಸೊನ್ನೆಗಳು

ವಿಜಯಪುರದಲ್ಲಿ ನಡೆದ ಕ್ರೀಡಾಕೂಟವೊಂದರಲ್ಲಿ ಎರಡು ದಿನಗಳ ಏಳು ಸ್ಪರ್ಧೆಗಳ ಒಟ್ಟು ಅಂಕದಿಂದ ಗೆಲುವು ನಿರ್ಧಾರವಾಗುವ ಹೆಪ್ಟಾಥ್ಲಾನಿನ ಅಂಕಪಟ್ಟಿಯ ಹೊಣೆ ನನ್ನದಾಗಿತ್ತು. ಓಟದ ವೇಳೆಯನ್ನು ತಾನೇ ದಾಖಲಿಸುವ ಫೋಟೋ ಫಿನಿಶ್ ಕ್ಯಾಮೆರಾ ಬರುತ್ತದೆಂದು ಸಂಘಟಕರು ಹಿಂದಿನ ರಾತ್ರಿಯವರೆಗೂ ಹೇಳುತ್ತಲೇ ಇದ್ದರು. ಬೆಳಿಗ್ಗೆ ನಮಗೆ ಸಿಕ್ಕಿದ್ದು ಸ್ಟಾಪ್‌ವಾಚುಗಳು ಮತ್ತು ಹ್ಯಾಂಡ್ ಟೈಮಿಂಗಿಗೆ, ಅಂದರೆ ಸ್ಟಾಪ್‌ವಾಚಿನಲ್ಲಿ ಕೈಯಿಂದ ಹಿಡಿದ ವೇಳೆಗೆ, ಕಾಲಮ್ಮೇ ಇಲ್ಲದ ಒಂದು ಎಕ್ಸೆಲ್ ಹಾಳೆ. ಧಾರವಾಡ ಕಡೆಯ ಜೆ.ಜೆ. ಶೋಭಾ 2002ರ ಬುಸಾನ್ ಮತ್ತು 2006ರ ದೋಹಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಂಚು ತಂದ ಸ್ಪರ್ಧೆ ಇದೆಂದು ಶಾಲೆಯಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳುವ ನಾನು, ಅದರ ಮೊದಲ ಓಟದ ಅಂಕ ಬರೆಯುವಾಗಲೇ ಎಡವಿದೆ.

100 ಮೀಟರ್ ಹರ್ಡಲ್ಸಿನ ಮೊದಲ ಹೀಟನ್ನು (ಮೊದಲ ಗುಂಪಿನ ಓಟವನ್ನು) ನನ್ನ ಸಹೋದ್ಯೋಗಿ ತುಂಬಿದರು, ಎರಡನೆಯದನ್ನು ನಾನು ತುಂಬಿದೆ. ಕೈಯಲ್ಲಿ ಹಿಡಿದ ವೇಳೆಯನ್ನು ಯಂತ್ರದ ವೇಳೆಗೆ ಸರಿಹೊಂದಿಸಲು 0.24 ಸೆಕೆಂಡು ಕೂಡಿಸಬೇಕೆಂಬುದು ನನಗೆ ತಿಳಿಯದ ವಿಷಯವಲ್ಲ. ಹಾಳೆಯೇ ಅದನ್ನು ಕೂಡಿಸಿಕೊಳ್ಳುತ್ತದೆಂದು ಭಾವಿಸಿದೆ, ಯಾರನ್ನೂ ಕೇಳಲಿಲ್ಲ. 16.4 ಎಂದು ಬರೆದ ಹುಡುಗಿಗೆ 638ರ ಬದಲು 666 ಅಂಕ ಬಿದ್ದವು.

ಎರಡನೆಯ ದಿನ ಜಾವೆಲಿನ್ ಮುಗಿದಾಗ ಅದೇ ಹುಡುಗಿ 21 ಅಂಕ ಮುಂದಿದ್ದಳು. ಕೊನೆಯ ಸ್ಪರ್ಧೆಯಾದ 800 ಮೀಟರಿಗೆ ಮುಂಚೆ ಅವಳ ಕೋಚ್ ಟೇಬಲ್ಲಿನ ಬಳಿ ಬಂದು, "ಸರ್, ನಮ್ಮ ಹುಡುಗಿ ಎಷ್ಟು ಮುಂದ ಅದಾಳ್ರಿ?" ಎಂದು ಕೇಳಿದರು. ಆ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 12 ಅಂಕವೆಂದು ಲೆಕ್ಕ ಹಾಕಿ, ಎರಡನೆಯ ಸ್ಥಾನದ ಹುಡುಗಿಯನ್ನು ಒಂದೂವರೆ ಸೆಕೆಂಡಿಗಿಂತ ದೂರ ಹೋಗಲು ಬಿಡದಿದ್ದರೆ ಸಾಕೆಂದು ಹೇಳಿದೆ. ಅವಳು ಅಕ್ಷರಶಃ ಹಾಗೆಯೇ ಓಡಿದಳು. ಎದುರಾಳಿ 2:34.6ಕ್ಕೆ ಗೆರೆ ದಾಟಿ ನೆಲಕ್ಕೆ ಕುಸಿದಳು, ಇವಳು 2:35.5ಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಅವಳಲ್ಲಿ ಇನ್ನೂ ಕಸುವು ಉಳಿದಿತ್ತು. ಅದನ್ನು ಕಂಡು ನನಗೆ ಆಗ ಸಂತೋಷವಾಗಿತ್ತೆಂಬುದೇ ಈಗಲೂ ಚುಚ್ಚುತ್ತದೆ.

ಸಹಿ ಮಾಡುವ ಮುನ್ನ ಸಹೋದ್ಯೋಗಿ ಹರ್ಡಲ್ಸ್ ಹಾಳೆಯ ಮೇಲೆ ಬೆರಳಿಟ್ಟರು. 0.24 ಕೂಡಿಸಿದ್ದರಿಂದ ಮೊದಲ ಹೀಟಿನ ವೇಳೆಗಳೆಲ್ಲ 17.04, 17.34 ಎಂದು ನಾಲ್ಕರಲ್ಲಿ ಮುಗಿದಿದ್ದವು. ಏನನ್ನೂ ಕೂಡಿಸದ ಎರಡನೆಯ ಹೀಟಿನವೆಲ್ಲ ಸೊನ್ನೆಯಲ್ಲಿ ಮುಗಿದಿದ್ದವು. ಎರಡು ದಿನ ನನ್ನ ಕಣ್ಣೆದುರೇ ಇದ್ದ ಕಾಲಮ್ಮದು. ತಿದ್ದಿದಾಗ, 800 ಮೀಟರಿಗೆ ಮುಂಚೆಯೇ ಅವಳು 7 ಅಂಕ ಹಿಂದಿದ್ದಳೆಂದೂ, ಕೊನೆಗೆ 17 ಅಂಕಗಳಿಂದ ಸೋತಳೆಂದೂ ತಿಳಿಯಿತು. ಫಲಿತಾಂಶ ನ್ಯಾಯವಾಗಿಯೇ ಇತ್ತು. ಆದರೆ ಓಡಬೇಕಾದ ಓಟವನ್ನು ಅವಳು ಓಡದಂತೆ ಮಾಡಿದವನು ನಾನು. ಕೋಚ್ ಜಗಳವಾಡಲಿಲ್ಲ, ನಾನು ತಪ್ಪೊಪ್ಪಿಕೊಂಡಾಗ ಅವಳು, "ಗೊತ್ತಿದ್ರ ಇನ್ನೂ ಜೋರ್ ಓಡ್ತಿದ್ನಿರಿ ಸರ್" ಎಂದಷ್ಟೇ ಹೇಳಿ ಸ್ಪೈಕ್ಸ್ ಬಿಚ್ಚತೊಡಗಿದಳು.

ಹ್ಯಾಂಡ್ ಟೈಮಿಂಗಿನ ಕಾಲಮ್ ಸೇರಿಸಿರೆಂದು ಸಂಘಟಕರಿಗೆ ಬರೆದುಕೊಟ್ಟೆ. ಮುಂದಿನ ಕೂಟಕ್ಕೂ ಅದೇ ಹಾಳೆ ಬಂತು. ಹೀಗಾಗಿ ಈಗ ಮುದ್ರಿತ ಅಂಕಕೋಷ್ಟಕವನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಪ್ರತಿ ಓಟದ ಹಾಳೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡುವವರೆಗೆ ಯಾವ ಕೋಚಿಗೂ ಮುನ್ನಡೆಯ ಅಂಕ ಹೇಳುವುದಿಲ್ಲ.