ಆನೋಡೈಸ್ ಕಿಟಕಿಗಳು ಮತ್ತು ಕೊಪ್ಪಳದ ಧೂಳು

ಕೊಪ್ಪಳದಲ್ಲಿ ಮನೆ ಕಟ್ಟಿಸಿದಾಗ ಕಂದು ಬಣ್ಣದ ಆನೋಡೈಸ್ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳನ್ನು ಹಾಕಿಸಿದೆವು. ಗೃಹಪ್ರವೇಶಕ್ಕೆ ಎರಡು ದಿನವಿರುವಾಗ, ಟೈಲ್ಸ್ ಮೇಲೆ ಉಳಿದಿದ್ದ ಸಿಮೆಂಟಿನ ಕಲೆ ತೆಗೆಯಲೆಂದು ಗಾರೆ ಕೆಲಸದವರು ನೆಲಕ್ಕೆ ಆ್ಯಸಿಡ್ ಸುರಿದು ಉಜ್ಜಿದರು. ಅದರ ಹನಿಗಳು ಹಿತ್ತಲ ಕಡೆಯ ಕಿಟಕಿಯ ಕೆಳಪಟ್ಟಿಗೆ ಸಿಡಿದಿದ್ದನ್ನು ಯಾರೂ ಗಮನಿಸಲಿಲ್ಲ. ಮರುದಿನ ನೋಡಿದರೆ ಹನಿ ಬಿದ್ದಲ್ಲೆಲ್ಲ ಕಂದು ಬಣ್ಣ ಹೋಗಿ, ಜೋಳದ ಕಾಳಿನಷ್ಟು ಅಗಲದ ಬಿಳಿ ಮಚ್ಚೆಗಳು ಎದ್ದಿದ್ದವು. ಎಷ್ಟು ಒರೆಸಿದರೂ ಅವು ಹೋಗಲಿಲ್ಲ.

ಆಮೇಲೆ ತಿಳಿದುಕೊಂಡೆ, ಆನೋಡೈಸ್ ಎಂಬುದು ಮೇಲೆ ಬಳಿದ ಬಣ್ಣವಲ್ಲ. ಗಂಧಕಾಮ್ಲದ ದ್ರಾವಣದಲ್ಲಿ ಅಲ್ಯೂಮಿನಿಯಂ ಅನ್ನು ಧನಧ್ರುವವಾಗಿಸಿ ವಿದ್ಯುತ್ ಹರಿಸಿದಾಗ ಲೋಹದ ಮೈಯೇ ಆಕ್ಸೈಡ್ ಪದರವಾಗಿ ಬದಲಾಗುತ್ತದೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣ ಕೂರಿಸಿ, ಬಳಿಕ ಆ ರಂಧ್ರಗಳನ್ನು ಮುಚ್ಚುತ್ತಾರೆ. ಕಟ್ಟಡಗಳಿಗೆ ಬಳಸುವ ಅಲ್ಯೂಮಿನಿಯಂನಲ್ಲಿ ಈ ಪದರದ ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದು ಗಟ್ಟಿಯಾದದ್ದು, ಆದರೆ ಆಮ್ಲವನ್ನೂ ತಡೆಯದು, ಕ್ಷಾರವನ್ನೂ ತಡೆಯದು. ಹಾಗಾಗಿ ಆ್ಯಸಿಡ್‌ನಂತೆಯೇ ಸುಣ್ಣ, ಹಸಿ ಸಿಮೆಂಟು, ವಾಷಿಂಗ್ ಸೋಡಾ ಕೂಡ ಅದಕ್ಕೆ ಶತ್ರುಗಳೇ. ಒಮ್ಮೆ ಕರಗಿದ ಪದರವನ್ನು ಮನೆಯಲ್ಲಿ ಮತ್ತೆ ಬೆಳೆಸಲು ಸಾಧ್ಯವಿಲ್ಲ.

ಹಾಯಿದೋಣಿಯ ಅಲ್ಯೂಮಿನಿಯಂ ಕಂಬಕ್ಕೂ ಸಾಮಾನ್ಯವಾಗಿ ಇದೇ ಪದರವಿರುತ್ತದೆ. ಅಲ್ಲಿ ಉಪ್ಪುನೀರಿನ ಕಾಟ, ಅದಕ್ಕೇ ಸಿಹಿನೀರಿನಲ್ಲಿ ಆಗಾಗ ತೊಳೆಯುತ್ತಾರೆ. ಸಮುದ್ರವಿಲ್ಲದ ನಮಗೆ ಕಬ್ಬಿಣದ ಧೂಳಿನ ಕಾಟ. ಉಕ್ಕಿನ ಕಾರ್ಖಾನೆಗಳಿರುವ ಗಿಣಿಗೇರಾ ಕಡೆಯಿಂದ ಗಾಳಿ ಬೀಸಿದ ದಿನ ಕಿಟಕಿಯ ಅಂಚಿಗೆ ಬೆರಳಾಡಿಸಿದರೆ ತುದಿ ಕಪ್ಪಾಗುತ್ತದೆ. ಪದರ ಸರಿಯಿದ್ದರೆ ಈ ಧೂಳು ತುಕ್ಕಿನ ಕಲೆಯಾಗಿ ಮೇಲೆಯೇ ಕೂರುತ್ತದೆ. ಗೀರು ಬಿದ್ದು ಒಳಗಿನ ಲೋಹ ಹೊರಬಿದ್ದಿದ್ದರೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ನಡುವೆ ತೇವ ಸೇರಿ ಅಲ್ಲಿಂದ ಸವೆತ ಶುರುವಾಗುತ್ತದೆ. ಉಕ್ಕಿನ ನಾರಿನಿಂದ ಎಂದಿಗೂ ಉಜ್ಜಬಾರದು ಎನ್ನುವುದು ಇದಕ್ಕಾಗಿಯೇ: ಅದು ಗೀರನ್ನೂ ಮಾಡುತ್ತದೆ, ಕಬ್ಬಿಣದ ಚೂರುಗಳನ್ನೂ ಬಿಟ್ಟು ಹೋಗುತ್ತದೆ.

ಒಣ ಬಟ್ಟೆಯಿಂದ ಧೂಳು ತಿಕ್ಕುವುದು ಮರಳುಕಾಗದ ಉಜ್ಜಿದಂತೆಯೇ. ಆದ್ದರಿಂದ ನಾನು ಬಿಸಿಲೇರುವ ಮೊದಲೇ ನೀರು ಹಾಯಿಸಿ ಧೂಳು ಇಳಿಸಿ, ಪಾತ್ರೆ ತೊಳೆಯುವ ಸೌಮ್ಯ ದ್ರವವನ್ನು ಒಂದು ಬಕೆಟ್ ನೀರಿಗೆ ಸ್ವಲ್ಪವೇ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ತೊಳೆಯುತ್ತೇನೆ. ನಮ್ಮ ಕೊಳವೆಬಾವಿಯ ನೀರು ಗಡಸು. ತಾನಾಗಿ ಆರಲು ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ, ಹಾಗಾಗಿ ಕೂಡಲೇ ಒಣಬಟ್ಟೆಯಿಂದ ನೀರನ್ನು ಹೀರಿಸಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಕೆಳಗಿನ ಟ್ರ್ಯಾಕ್. ಮೊದಲ ಮಳೆಗೆ ಅಲ್ಲಿನ ಧೂಳು ಕೆಸರಾಗಿ, ನೀರು ಹೊರಹೋಗುವ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆಸರು ತೆಗೆದು, ಪೊರಕೆಯ ಕಡ್ಡಿಯನ್ನು ತೂರಿಸಿದರೆ ನಿಂತ ನೀರು ಕಪ್ಪಾಗಿ ಹೊರಗೆ ಹರಿಯುತ್ತದೆ.

ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಕಾರಿಗೆ ಹಚ್ಚುವ ಮೇಣವನ್ನು ತೆಳುವಾಗಿ ಹಚ್ಚಿ ಒರೆಸುತ್ತೇನೆ. ಹಿತ್ತಲ ಕಿಟಕಿಗೆ ಮಾತ್ರ ಎರಡು ಸಲ. ಅಲ್ಲಿನ ಬಿಳಿ ಮಚ್ಚೆಗಳು ಹೋಗಿಲ್ಲ, ಆದರೆ ಇದುವರೆಗೆ ದೊಡ್ಡವೂ ಆಗಿಲ್ಲ.