ಎಕ್ಸ್‌ತ್ರೆಮದುರಾದ ರಣಹದ್ದುಗಳು

ಸ್ಪೇನ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಬಾರ್ಸಿಲೋನ, ಸೆವಿಯಾ, ಗ್ರಾನಡಾ ನೋಡಿಕೊಂಡು ಬರುತ್ತಾರೆ. ಪೋರ್ಚುಗಲ್ ಗಡಿಗೆ ಅಂಟಿಕೊಂಡಿರುವ ಎಕ್ಸ್‌ತ್ರೆಮದುರಾ ಕಡೆ ಹೋಗುವವರು ಕಡಿಮೆ. ಮ್ಯಾಡ್ರಿಡ್‌ನಲ್ಲೇ ಇರುವ ಅಕ್ಕ, ಭಾವ ಕೂಡ ಹೋಗಿರಲಿಲ್ಲ. ನನಗೆ ರೋಮನ್ನರು ಕಟ್ಟಿದ ಮೆರಿದಾ ಊರು ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಏಪ್ರಿಲ್‌ನಲ್ಲಿ ಮೂವರೂ ಹೊರಟೆವು. ಮೆರಿದಾ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಬರೆಯಲು ಕೂತಿರುವುದು ರಣಹದ್ದುಗಳ ಬಗ್ಗೆ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ. ಆನ್‌ಲೈನ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿಯೇ ಬುಕ್ ಮಾಡಿದ್ದೆವು. ಕೌಂಟರ್‌ಗೆ ಹೋದರೆ ಭಾವನ ಡೆಬಿಟ್ ಕಾರ್ಡ್ ಆಗುವುದಿಲ್ಲ ಅಂದರು. ಅಕ್ಕನ ಕ್ರೆಡಿಟ್ ಕಾರ್ಡ್ ಕೊಟ್ಟರೆ, ಕಾರು ಓಡಿಸುವವರ ಹೆಸರಲ್ಲೇ ಕಾರ್ಡ್ ಇರಬೇಕು ಅಂದರು. ಕೊನೆಗೆ ನಮಗೆ ಬೇಡದ ದುಬಾರಿ ವಿಮೆಯನ್ನು ತಲೆಗೆ ಕಟ್ಟಿ ಕೀ ಕೊಟ್ಟರು. ಬುಕ್ ಮಾಡುವಾಗ ಇದ್ಯಾವುದನ್ನೂ ಕಣ್ಣಿಗೆ ಕಾಣುವಂತೆ ಬರೆದಿರಲಿಲ್ಲ. ಹೋಗುವವರು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ. ನಮ್ಮ ದೇಶದ ಲೈಸೆನ್ಸ್ ಆದರೆ ಊರು ಬಿಡುವ ಮೊದಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಕಾರಿಲ್ಲದೆ ಈ ಸೀಮೆ ಸುತ್ತುವುದು ಕಷ್ಟ. ಮೊನ್‌ಫ್ರಾಗ್ವೆ ಅಂತ ಒಂದು ರೈಲು ನಿಲ್ದಾಣವಿದೆ, ಆದರೆ ಅದು ರಣಹದ್ದುಗಳಿರುವ, ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದಿಂದ ಬಹಳ ದೂರ.

ಮೆರಿದಾ ಹುಟ್ಟಿದ್ದು ಕ್ರಿ.ಪೂ. 25ರಲ್ಲಿ. ನಿವೃತ್ತ ಸೈನಿಕರು ನೆಲೆಸಲಿ ಎಂದು ಅಗಸ್ಟಸ್ ಕಟ್ಟಿಸಿದ ಊರು. ಇಲ್ಲಿನ ರಂಗಮಂದಿರ ಶತಮಾನಗಳ ಕಾಲ ಮಣ್ಣಲ್ಲಿ ಹೂತುಹೋಗಿತ್ತಂತೆ. ಮೇಲಿನ ಸಾಲಿನ ಆಸನಗಳ ತುಂಡುಗಳಷ್ಟೇ ಹೊರಗೆ ಕಾಣುತ್ತಿದ್ದವು. ಊರವರು ಅದನ್ನು ‘ಏಳು ಕುರ್ಚಿ’ ಎಂದು ಕರೆಯುತ್ತಿದ್ದರು. 1910ರಲ್ಲಿ ಅಗೆಯಲು ಶುರು ಮಾಡಿದ ಮೇಲೆ ಇಡೀ ರಂಗಮಂದಿರ ಎದ್ದುಬಂತು. ಭಾವ ವೇದಿಕೆ ಮೇಲೆ ನಿಂತು ಮಾಮೂಲಿ ದನಿಯಲ್ಲಿ ಮಾತಾಡಿದರು. ಮೇಲೆ ಕೂತಿದ್ದ ಅಕ್ಕನಿಗೂ ನನಗೂ ಒಂದೊಂದು ಪದವೂ ಕೇಳಿಸಿತು. ಪಕ್ಕದಲ್ಲೇ ವಾಸ್ತುಶಿಲ್ಪಿ ರಫಾಯೆಲ್ ಮೊನೆಯೊ ಕಟ್ಟಿದ ಇಟ್ಟಿಗೆಯ ಮ್ಯೂಸಿಯಂ ಇದೆ. ಎತ್ತರದ ಕಮಾನುಗಳ ಒಳಗೆ ಬೆಳಕು ಇಳಿಯುವ ರೀತಿ ನೋಡಿದರೆ ಹೊರಗೆ ಬರಲು ಮನಸ್ಸಾಗುವುದಿಲ್ಲ. ನಾನು ನೋಡಿದ ಮ್ಯೂಸಿಯಂಗಳಲ್ಲಿ ಇದೇ ನನಗೆ ತುಂಬಾ ಇಷ್ಟ.

ಕಾಸೆರೆಸ್‌ನಲ್ಲಿ ನೆಲದಡಿ ಅರಬ್ಬರ ಕಾಲದ ನೀರಿನ ತೊಟ್ಟಿ ಇದೆ, ಕುದುರೆ ಲಾಳದ ಆಕಾರದ ಕಮಾನುಗಳು. ಅದನ್ನು ಮಾತ್ರ ತಪ್ಪಿಸಬೇಡಿ. ತ್ರುಹಿಯೊ ಪೆರು ದೇಶವನ್ನು ಗೆದ್ದ ಪಿಸಾರೊನ ಊರು. ಚೌಕದ ನಡುವೆ ಕುದುರೆ ಮೇಲೆ ಕೂತ ಅವನ ದೊಡ್ಡ ಪ್ರತಿಮೆ. ಅವನ ಮನೆತನದ ಅರಮನೆಯ ಮೂಲೆಯಲ್ಲಿ ಕೆತ್ತಿದ ಲಾಂಛನದಲ್ಲಿ ಸರಪಳಿ ಹಾಕಿದ ಪೆರುವಿನ ಜನ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಆ ಚೌಕದಲ್ಲಿ ಕೂತು ಕಾಫಿ ಕುಡಿಯಲೂ ಮನಸ್ಸಾಗಲಿಲ್ಲ.

ಊಟದ ಬಗ್ಗೆ ಒಂದು ಮಾತು. ಮಾಂಸ ಬೇಡ ಎಂದರೆ ಮೀನು ಹಾಕಿ ತರುತ್ತಾರೆ, ಮೀನೂ ಬೇಡ ಎಂದರೆ ಹಂದಿ ತೊಡೆಯ ಚೂರು ಉದುರಿಸಿ ತರುತ್ತಾರೆ. ಮೂರನ್ನೂ ಬೇರೆ ಬೇರೆಯಾಗಿ ಹೇಳಬೇಕು. ಮಧ್ಯಾಹ್ನ ನಾಲ್ಕಕ್ಕೆ ಅಡುಗೆಮನೆ ಮುಚ್ಚಿದರೆ ರಾತ್ರಿ ಎಂಟೂವರೆವರೆಗೆ ತೆರೆಯುವುದಿಲ್ಲ. ಆದರೆ ‘ತೋರ್ತಾ ದೆಲ್ ಕಸಾರ್’ ಎಂಬ ಚೀಸ್ ತಿನ್ನಲೇಬೇಕು. ಕುರಿ ಹಾಲನ್ನು ಕಾಡು ಮುಳ್ಳುಗಿಡವೊಂದರ ಒಣಗಿದ ಹೂವಿನಿಂದ ಒಡೆಸಿ ಮಾಡುತ್ತಾರೆ. ಕರುವಿನ ಹೊಟ್ಟೆಯ ರೆನೆಟ್ ಹಾಕುವುದಿಲ್ಲ, ಹಾಗಾಗಿ ಅಕ್ಕನೂ ತಿಂದಳು. ಮೇಲಿನ ಗಟ್ಟಿ ಪದರವನ್ನು ಮುಚ್ಚಳದ ಹಾಗೆ ಕೊಯ್ದು, ಒಳಗಿನ ಮೆತ್ತನೆಯದರಲ್ಲಿ ಬ್ರೆಡ್ ಅದ್ದಿ ತಿನ್ನಬೇಕು. ಸ್ವಲ್ಪ ಕಹಿ, ತುಂಬಾ ರುಚಿ.

ತ್ರುಹಿಯೊದಿಂದ ಉತ್ತರಕ್ಕೆ ಹೊರಟರೆ ರಸ್ತೆಯ ಎರಡೂ ಕಡೆ ಓಕ್ ಮರಗಳ ಹುಲ್ಲುಗಾವಲು. ತೊರ್ರೆಹೋನ್ ಎಲ್ ರೂಬಿಯೊ ಎಂಬ ಊರು ದಾಟಿದ ಮೇಲೆ ಗುಡ್ಡ ಶುರುವಾಗುತ್ತದೆ. ಮುಂದೆ ರಸ್ತೆ ಪಕ್ಕದಲ್ಲೇ ಮೊನ್‌ಫ್ರಾಗ್ವೆ ಉದ್ಯಾನದ ‘ಸಾಲ್ತೊ ದೆಲ್ ಹಿತಾನೊ’ ಎಂಬ ವೀಕ್ಷಣೆಯ ಜಾಗ. ಕೆಳಗೆ ತಾಹೊ ನದಿ, ಆಚೆ ದಡದಲ್ಲಿ ನೆಟ್ಟಗೆ ಎದ್ದ ಬಂಡೆ. ಬಂಡೆಯ ತುಂಬಾ ಸುಣ್ಣ ಸುರಿದಂತೆ ಬಿಳಿ ಗೆರೆಗಳು. ಅದು ಹಿಕ್ಕೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬಂಡೆಯ ಸಂದುಗಳಲ್ಲಿ ಕಂದು ಬಣ್ಣದ ಗುಪ್ಪೆಗಳು ಅಲುಗಾಡಿದವು. ಒಂದೊಂದು ಗುಪ್ಪೆಯೂ ಒಂದು ರಣಹದ್ದು.

ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಬಿಸಿಲೇರಿ ಗಾಳಿ ಬಿಸಿಯಾಗುತ್ತಿದ್ದಂತೆ ಒಂದೊಂದಾಗಿ ಬಂಡೆಯಿಂದ ಜಾರಿ, ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರಿದವು. ಕೆಲವು ನಮ್ಮ ಕಾಲ ಕೆಳಗೇ ಹಾದುಹೋದವು. ರಣಹದ್ದಿನ ಬೆನ್ನನ್ನು ಮೇಲಿಂದ ನೋಡಿದ್ದು ಅದೇ ಮೊದಲು. ಕುತ್ತಿಗೆ ಸುತ್ತ ಬಿಳಿ ತುಪ್ಪಳದ ಪಟ್ಟಿ, ರೆಕ್ಕೆ ತುದಿಯ ಗರಿಗಳು ಬೆರಳಿನ ಹಾಗೆ ಬಿಡಿಬಿಡಿ. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರ್ ಅಗಲ. ಇವು ಗ್ರಿಫನ್ ರಣಹದ್ದುಗಳು. ಕಪ್ಪು ರಣಹದ್ದು ಇನ್ನೂ ದೊಡ್ಡದು, ಅದು ಗೂಡು ಕಟ್ಟುವುದು ಮರದ ಮೇಲೆ. ಈ ಉದ್ಯಾನದಲ್ಲಿ 300ಕ್ಕೂ ಜಾಸ್ತಿ ಜೋಡಿ ಕಪ್ಪು ರಣಹದ್ದುಗಳಿವೆ, ಜಗತ್ತಿನ ಅತಿ ದೊಡ್ಡ ನೆಲೆಗಳಲ್ಲಿ ಇದೂ ಒಂದು.

ನನಗೆ ಗಂಟಲು ಕಟ್ಟಿತು. ನಮ್ಮೂರು ಮಾಗಡಿ ಹತ್ತಿರ. ಚಿಕ್ಕವನಿದ್ದಾಗ ದನ ಸತ್ತರೆ ಊರಾಚೆ ಹಳ್ಳದ ದಂಡೆಗೆ ಎಳೆದು ಹಾಕುತ್ತಿದ್ದರು. ರಾಮನಗರದ ಬೆಟ್ಟಗಳ ಕಡೆಯಿಂದ ರಣಹದ್ದುಗಳು ಬಂದು ಮೂಳೆ ಮಾತ್ರ ಉಳಿಸುತ್ತಿದ್ದವು. ಆಮೇಲೆ ಅವು ಬರುವುದೇ ನಿಂತಿತು. ಯಾಕೆ ಎಂದು ಊರಲ್ಲಿ ಯಾರೂ ಕೇಳಲಿಲ್ಲ.

ಅಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಒಬ್ಬರು ಹಿರಿಯರು ಮಗಳ ಜೊತೆ ಕೂತಿದ್ದರು. ಮೊದಲು ದನ ಸಾಕಿಕೊಂಡಿದ್ದವರು. ನಾನು ಬರಿಗಣ್ಣಲ್ಲಿ ನೋಡುತ್ತಿದ್ದುದನ್ನು ಕಂಡು ಕೈಬೀಸಿ ಕರೆದರು. ಟೆಲಿಸ್ಕೋಪ್‌ನಲ್ಲಿ ನೋಡಿದರೆ ಬಂಡೆ ಅಂಚಿನಲ್ಲಿ ಬೂದು ಬಣ್ಣದ ಮರಿ, ತಾಯಿಯ ಕೊಕ್ಕನ್ನು ಕುಟ್ಟುತ್ತಿತ್ತು. ಮಗಳಿಗೆ ಇಂಗ್ಲಿಷ್ ಬರುತ್ತಿತ್ತು, ಅಕ್ಕನಿಗೆ ಸ್ಪ್ಯಾನಿಷ್. ಮಾತು ಬೆಳೆಯಿತು.

“ನಿಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದವಂತೆ. ಏನಾಯಿತು?” ಎಂದು ಕೇಳಿದರು.

ನೋವಿಗೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಬಗ್ಗೆ ಹೇಳಿದೆ. ಆ ಔಷಧಿ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. 1990ರ ದಶಕದಿಂದ ನೂರಕ್ಕೆ 95ಕ್ಕೂ ಹೆಚ್ಚು ಹಕ್ಕಿಗಳು ಹೋದವು. ಕಾರಣ ಖಚಿತವಾಗಿದ್ದು 2004ರಲ್ಲಿ, ಪಶುಗಳಿಗೆ ಕೊಡುವುದನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಎಂದು ಘೋಷಿಸಿದರು, ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಅವರು ಮಗಳ ಮುಖ ನೋಡಿದರು. “ಆ ಔಷಧಿಗೆ ನಮ್ಮಲ್ಲಿ 2013ರಲ್ಲಿ ಅನುಮತಿ ಕೊಟ್ಟರು,” ಅಂದಳು ಅವಳು. ನನಗೆ ನಂಬಲಾಗಲಿಲ್ಲ. ನಮ್ಮ ಕಥೆ ಜಗತ್ತಿಗೆಲ್ಲ ಗೊತ್ತಾದ ಮೇಲೆ! ಯುರೋಪಿನ ರಣಹದ್ದುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಇರುವುದೇ ಸ್ಪೇನ್‌ನಲ್ಲಿ. 2020ರಲ್ಲಿ ಕ್ಯಾಟಲೋನಿಯಾದಲ್ಲಿ ಒಂದು ಕಪ್ಪು ರಣಹದ್ದಿನ ಮರಿ ಅದೇ ಔಷಧಿಯಿಂದ ಸತ್ತಿದ್ದು ಪರೀಕ್ಷೆಯಲ್ಲಿ ಗೊತ್ತಾಯಿತು ಎಂದೂ ಹೇಳಿದಳು.

ಹಿರಿಯರಿಗೆ ಇನ್ನೊಂದು ಸಂಕಟ ನೆನಪಾಯಿತು. ಅವರ ಕಾಲದಲ್ಲಿ ಪ್ರತಿ ಊರಿಗೂ ಸತ್ತ ಪ್ರಾಣಿ ಹಾಕುವ ಒಂದು ಜಾಗ ಇತ್ತು. ಹುಚ್ಚು ಹಸು ರೋಗ ಬಂದ ಮೇಲೆ, ಸತ್ತ ದನವನ್ನು ಬಯಲಲ್ಲಿ ಬಿಡಬಾರದು ಎಂದು 2002ರಲ್ಲಿ ಯುರೋಪಿನ ಕಾನೂನು ಬಂತು. ಲಾರಿ ಬಂದು ಹೊತ್ತುಕೊಂಡು ಹೋಗಿ ಸುಡುತ್ತಿದ್ದರು. ಹಕ್ಕಿಗಳು ಹಸಿದು ಕಂಗಾಲಾದವು. “ಲಾರಿಗೆ ನಾವು ದುಡ್ಡು ಕೊಡಬೇಕಿತ್ತು. ಹದ್ದುಗಳು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದವು,” ಅಂದರು. ಕೆಲವು ವರ್ಷಗಳ ನಂತರ ಕಾನೂನು ಸಡಿಲವಾಗಿ, ಗೊತ್ತುಮಾಡಿದ ಜಾಗಗಳಲ್ಲಿ ಮತ್ತೆ ಬಿಡಬಹುದಾಯಿತು.

ಈ ಕಾಡೂ ಸುಮ್ನೆ ಉಳಿದಿದ್ದಲ್ಲ. 1970ರ ದಶಕದಲ್ಲಿ ಕಾಗದದ ತಿರುಳಿಗೆಂದು ಇಲ್ಲಿನ ಮರ ಕಡಿದು ನೀಲಗಿರಿ ನೆಡುತ್ತಿದ್ದರು. ಕೋಲಾರದ ಕಡೆ ನೀಲಗಿರಿ ತೋಪು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹೆಸುಸ್ ಗಾರ್ಸೋನ್ ಎಂಬ ಪರಿಸರವಾದಿಯೂ ಜೊತೆಗಿದ್ದವರೂ ಹೋರಾಡಿ ತಡೆದರು. 1979ರಲ್ಲಿ ರಕ್ಷಿತ ಪ್ರದೇಶವಾಯಿತು, 2007ರಲ್ಲಿ ರಾಷ್ಟ್ರೀಯ ಉದ್ಯಾನ. ಮುಂದೆ ನೀಲಗಿರಿಯನ್ನು ಬಹುಪಾಲು ಕಿತ್ತರು.

ಅಷ್ಟರಲ್ಲಿ ಹಿರಿಯರು ಟೆಲಿಸ್ಕೋಪ್ ತಿರುಗಿಸಿ, “ಇದನ್ನು ನೋಡಿ,” ಅಂದರು. ಹಳದಿ ಮುಖ, ಬಿಳಿ ಮೈ. ಈಜಿಪ್ಷಿಯನ್ ರಣಹದ್ದು! ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು ವಸಂತಕ್ಕೆ ಇಲ್ಲಿಗೆ ಬರುತ್ತದೆ. “ಇದು ನಮ್ಮ ರಾಮನಗರದಲ್ಲೂ ಇದೆ,” ಎಂದೆ. ಅವರು ನನ್ನ ಭುಜ ತಟ್ಟಿ, “ಹಾಗಾದರೆ ಫೋಟೊ ಕಳಿಸಬೇಕು,” ಅಂದರು. ಮಗಳು ಇಮೇಲ್ ವಿಳಾಸ ಬರೆದುಕೊಟ್ಟಳು.

ಊರಿಗೆ ಬಂದ ಮೇಲೆ ಒಂದು ಬೆಳಗ್ಗೆ ರಾಮದೇವರ ಬೆಟ್ಟಕ್ಕೆ ಹೋಗಿ, ಬಂಡೆ ಅಂಚಿನಲ್ಲಿ ಕೂತಿದ್ದ ಉದ್ದ ಕೊಕ್ಕಿನ ರಣಹದ್ದೊಂದರ ಫೋಟೊ ತೆಗೆದು ಕಳಿಸಿದೆ. ಬಿಳಿಯದು ಅವತ್ತು ಕಾಣಲಿಲ್ಲ. ನಿಮ್ಮ ಊರಲ್ಲಿ ಈಗ ದನಗಳಿಗೆ ನೋವಿಗೆ ಏನು ಕೊಡುತ್ತಾರೆ ಎಂದು ಅಪ್ಪ ಕೇಳುತ್ತಿದ್ದಾರೆ ಅಂತ ಉತ್ತರ ಬಂತು. ನಮ್ಮೂರಿನ ಪಶುವೈದ್ಯರನ್ನು ಕೇಳಿದೆ. ಮೆಲಾಕ್ಸಿಕಾಂ ಕೊಡುತ್ತೇವೆ, ಅದರಿಂದ ರಣಹದ್ದಿಗೆ ತೊಂದರೆ ಇಲ್ಲ ಅಂದರು. ಹಾಗೇ ಬರೆದು ಕಳಿಸಿದ್ದೇನೆ.