ಹ್ಯಾರಿಯ ಕಿತ್ತಳೆ ಭೂತ

ನಮ್ಮ ಕಾಲದಲ್ಲಿ ಶಾಲೆಯ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಒಂದು ಬೀರು. ಅದರ ಬೀಗದಕೈ ಇಂಗ್ಲಿಷ್ ಮೇಡಂ ಹತ್ತಿರ. ನಾವು ಐದನೇ ಕ್ಲಾಸಿನಲ್ಲಿದ್ದಾಗ ಅವರು ಅದರಿಂದ ಒಂದು ತೆಳ್ಳನೆಯ ಅಮೆರಿಕದ ಪುಸ್ತಕ ತೆಗೆದರು. ‘ನೇಟ್ ದಿ ಗ್ರೇಟ್’. 1972ರಲ್ಲಿ ಬಂದದ್ದು. ಕಥೆ ಮಾರ್ಜರಿ ವೈನ್‌ಮನ್ ಶಾರ್ಮಟ್ ಅವರದು, ಚಿತ್ರಗಳು ಮಾರ್ಕ್ ಸಿಮಾಂಟ್ ಅವರದು. ಮೇಡಂ ಒಂದೊಂದು ಸಾಲು ಓದಿ, ಕನ್ನಡದಲ್ಲಿ ಹೇಳಿ, ಪುಟವನ್ನು ಕೊನೆಯ ಬೆಂಚಿಗೂ ಕಾಣುವಂತೆ ಎತ್ತಿ ಹಿಡಿಯುತ್ತಿದ್ದರು.

ನೇಟ್ ಇನ್ನೂ ಚಿಕ್ಕ ಹುಡುಗ. ಆದರೆ ಗತ್ತು ನೋಡಬೇಕು! ದೊಡ್ಡ ಪತ್ತೇದಾರರ ಹಾಗೆ ಕೋಟು, ಟೋಪಿ. ಕೇಸಿಗೆ ಹೊರಡುವ ಮುಂಚೆ ಅಮ್ಮನಿಗೆ ಚೀಟಿ ಬರೆದಿಡಲೇಬೇಕು. ಗೆಳತಿ ಆನಿ ತನ್ನ ನಾಯಿಯ ಚಿತ್ರ ಬರೆದಿದ್ದಳು, ಅದು ಕಾಣೆಯಾಗಿದೆ. ನಾಯಿಯ ಮೇಲೂ ಅನುಮಾನ, ನಾಲ್ಕು ಬೆಕ್ಕು ಸಾಕಿದ ರೋಸಮಂಡ್ ಮೇಲೂ ಅನುಮಾನ. ಆನಿಯ ಪುಟ್ಟ ತಮ್ಮ ಹ್ಯಾರಿ ಮಾತ್ರ ಮೈಗೆಲ್ಲ ಕೆಂಪು ಬಣ್ಣ ಮೆತ್ತಿಕೊಂಡು ಚಿತ್ರ ಬರೆಯುತ್ತಿರುತ್ತಾನೆ. ಕೆಂಪು ಜೋಕರ್, ಕೆಂಪು ಮನೆ, ಕೆಂಪು ಮರ. ಜೊತೆಗೊಂದು ಕಿತ್ತಳೆ ಬಣ್ಣದ ಭೂತ, ಅದಕ್ಕೆ ಮೂರು ತಲೆ.

ಅಷ್ಟರಲ್ಲಿ ಬೆಲ್ ಹೊಡೆಯಿತು. ಮೇಡಂ ಬೇಕಂತಲೇ ಹಾಗೆ ಮಾಡಿದರು ಅಂತ ನನಗೆ ಈಗಲೂ ಅನುಮಾನ. “ಕಳ್ಳ ಯಾರು, ಮುಂದಿನ ಪೀರಿಯಡ್‌ಗೆ ಹೇಳಿ” ಎಂದು ಪುಸ್ತಕ ಮುಚ್ಚಿಬಿಟ್ಟರು.

ವಾರವೆಲ್ಲ ಜಗಳ. ಕ್ಲಾಸಿನ ಜಾಣರೆಲ್ಲ ರೋಸಮಂಡ್ ಪಕ್ಷ. ಉತ್ತರ ಹೊಳೆದದ್ದು, ನೋಟ್‌ಬುಕ್ ತುಂಬ ಗೀಚಿ ದಿನಾ ಬೈಸಿಕೊಳ್ಳುತ್ತಿದ್ದ ಗೆಳೆಯನಿಗೆ. ಅವನು ಬಣ್ಣದ ಡಬ್ಬಿ ತಂದು, ಹಳದಿ ಬಳಿದು, ಒಣಗುವ ಮೊದಲೇ ಮೇಲೆ ಕೆಂಪು ಬಳಿದ. “ಹ್ಯಾರಿ ಹತ್ರ ಇದ್ದದ್ದು ಬರೀ ಕೆಂಪು. ಕಿತ್ತಳೆ ಎಲ್ಲಿಂದ ಬಂತು? ಆನಿ ನಾಯಿಯ ಚಿತ್ರಕ್ಕೆ ಹಳದಿ ಬಳಿದಿದ್ದಳು, ಇವನು ಅದರ ಮೇಲೇ ಭೂತ ಬರೆದಿದ್ದಾನೆ, ಅಷ್ಟೇ!” ಭೂತದ ಎರಡು ತಲೆ ನಾಯಿಯ ಕಿವಿಗಳು, ಮೂರನೆಯದು ಬಾಲ.

ಆಮೇಲೆ ದಪ್ಪ ದಪ್ಪ ಪತ್ತೇದಾರಿ ಕಾದಂಬರಿಗಳನ್ನು ಜಾಸ್ತಿಯೇ ಓದಿದ್ದೇನೆ. ಎಷ್ಟೋ ಲೇಖಕರು ಮುಖ್ಯವಾದ ಸುಳಿವನ್ನು ಬಚ್ಚಿಟ್ಟು ಕೊನೆಗೆ ಜೇಬಿನಿಂದ ತೆಗೆಯುತ್ತಾರೆ. ಇದರಲ್ಲಿ ಆ ಮೋಸವಿಲ್ಲ. ಸುಳಿವು ಕಣ್ಣೆದುರಿಗೇ ಇತ್ತು, ಅದೂ ಬಣ್ಣದಲ್ಲಿ!

ಶಾರ್ಮಟ್ ತಮ್ಮ ತಂದೆ ನೇಥನ್ ಹೆಸರನ್ನೇ ನೇಟ್‌ಗೆ ಇಟ್ಟರಂತೆ. ಈಚೆಗೆ ಫೋನಿನಲ್ಲಿ ಮೇಡಂಗೆ ಇದನ್ನು ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. “ಹಾಗಾದ್ರೆ ಹ್ಯಾರಿ ಯಾರಪ್ಪಾ? ಪತ್ತೆ ಮಾಡಿ ಹೇಳು” ಎಂದರು.